ಬರುವ ನೀರು, ಹೋಗುವ ನೀರು

ಈ ಸಲದ ನಮ್ಮ ಗೋಡೆ ಪತ್ರಿಕೆಗೆ ‘ಮುಂದೆ ನಾನು ಏನಾಗಬೇಕೆಂದಿದ್ದೇನೆ’ ಎಂಬ ವಿಷಯ ಕೊಟ್ಟಿದ್ದಾರೆ. ಡಾಕ್ಟರ್, ಪೊಲೀಸ್, ಟೀಚರ್ ಎಂದು ನಮ್ಮ ತರಗತಿಯ ಬಹಳ ಜನ ಬರೆದಿದ್ದಾರೆ. ನಾನು ನೀರಿನ ಇಂಜಿನಿಯರ್ ಆಗಬೇಕೆಂದಿದ್ದೇನೆ. ಬರೀ ಕುಡಿಯುವ ನೀರಿಗಲ್ಲ, ಕೊಳಚೆ ನೀರಿಗೂ. ಇದನ್ನು ತರಗತಿಯಲ್ಲಿ ಹೇಳಿದಾಗ ಎಲ್ಲರೂ ಗೊಳ್ಳೆಂದು ನಕ್ಕರು. ‘ಮೋರಿ ಇಂಜಿನಿಯರ್’ ಎಂದು ಹೆಸರೂ ಇಟ್ಟರು. ನಗಲಿ, ಬೇಜಾರಿಲ್ಲ. ಆದರೆ ಇದನ್ನು ಪೂರ್ತಿ ಓದಿದ ಮೇಲೆ ನಗಬೇಕೋ ಬೇಡವೋ ನೀವೇ ಹೇಳಿ.

ನಮ್ಮ ಊರು ಬ್ಯಾಟರಾಯನಪುರ. ಬೆಂಗಳೂರಿನಲ್ಲಿ ಈ ಹೆಸರಿನವು ಎರಡಿವೆ. ಒಂದು ಮೈಸೂರು ರಸ್ತೆಯಲ್ಲಿದೆ. ಬಳ್ಳಾರಿ ರಸ್ತೆಯಲ್ಲಿರುವುದು ನಮ್ಮದು. ಇದು ಮೊದಲು ಹಳ್ಳಿಯಾಗಿತ್ತು, ಆಮೇಲೆ ನಗರಸಭೆ ಆಯಿತು, 2007ರಲ್ಲಿ ಬೆಂಗಳೂರು ಮಹಾನಗರಕ್ಕೆ ಸೇರಿತು. ದೊಡ್ಡ ದೊಡ್ಡ ಕಟ್ಟಡಗಳು ಬಂದವು, ಮೇಲ್ಸೇತುವೆ ಬಂತು. ಆದರೂ ನಮ್ಮ ಹಳೇ ಬೀದಿಯವರಿಗೆ ಬೆಳಿಗ್ಗೆ ಎದ್ದ ಕೂಡಲೇ ಬರುವ ಮೊದಲನೇ ಮಾತು ‘ನೀರು ಬಂತಾ?’ ಅನ್ನೋದೇ.

ಬೆಂಗಳೂರಿಗೆ ನೀರು ತರುವುದು ಸುಲಭದ ಕೆಲಸವಲ್ಲ. ನಮ್ಮ ನಗರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಇದೆ. ಪಕ್ಕದಲ್ಲಿ ದೊಡ್ಡ ನದಿ ಇಲ್ಲ. ಅದಕ್ಕೇ ನಮ್ಮ ಹಿರಿಯರು ಕೆರೆಗಳನ್ನು ಕಟ್ಟಿದರು. 1896ರಲ್ಲಿ ಹೆಸರಘಟ್ಟ ಕೆರೆಯಿಂದ ಪೈಪಿನಲ್ಲಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಅಣೆಕಟ್ಟು ಆಯಿತು. 1964ರಲ್ಲಿ ಜಲಮಂಡಳಿ ಹುಟ್ಟಿತು. 1974ರಲ್ಲಿ ಕಾವೇರಿ ಮೊದಲನೇ ಹಂತ ಬಂತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ನೀರನ್ನು ಶುದ್ಧ ಮಾಡುತ್ತಾರೆ. ಅಲ್ಲಿಂದ, ಹಾರೋಹಳ್ಳಿಯಿಂದ, ತಾತಗುಣಿಯಿಂದ, ಹೀಗೆ ಮೂರು ಕಡೆ ಪಂಪು ಮಾಡಿ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ನೀರನ್ನು ತರುತ್ತಾರೆ. ಯೋಚನೆ ಮಾಡಿ. ನಾವು ಒಂದು ಬಿಂದಿಗೆಯನ್ನು ಮಹಡಿಗೆ ಹೊತ್ತರೆ ಉಸ್ಸಪ್ಪ ಅನ್ನುತ್ತೇವೆ.

2024ರ ಬೇಸಿಗೆ ನಿಮಗೆಲ್ಲ ಜ್ಞಾಪಕ ಇರಬೇಕು. ಮಳೆ ಇಲ್ಲದೆ ಬೋರ್‌ವೆಲ್‌ಗಳು ಬತ್ತಿದವು. ಆ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಆದೇಶ ಆಯಿತು. ಟ್ಯಾಂಕರ್ ಬಂದರೆ ಅಮ್ಮ ಕೈಯಲ್ಲಿದ್ದ ಸೌಟನ್ನು ಅಲ್ಲೇ ಬಿಟ್ಟು ಓಡುತ್ತಿದ್ದರು. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆ ಆಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಅದು. 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗಾಗಿ ಮಾಡಿದ್ದು. ನಮ್ಮ ಬ್ಯಾಟರಾಯನಪುರ ವಲಯದ ಹಳ್ಳಿಗಳೂ ಅದರಲ್ಲಿ ಇವೆ.

ಇಷ್ಟು ಬರುವ ನೀರಿನ ಕಥೆ. ಇದನ್ನು ಎಲ್ಲರೂ ಮಾತಾಡುತ್ತಾರೆ, ಪೇಪರಿನಲ್ಲೂ ಬರುತ್ತದೆ. ಈಗ ಒಂದು ಲೆಕ್ಕ ಮಾಡೋಣ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಎಂದು ಇಂಜಿನಿಯರುಗಳು ಲೆಕ್ಕ ಇಟ್ಟಿದ್ದಾರೆ. ನಮ್ಮ ಮನೆಯಲ್ಲಿ ಐದು ಜನ. 135 ಗುಣಿಸು 5 ಅಂದರೆ 675 ಲೀಟರ್. ನಮ್ಮ ಬಿಂದಿಗೆ 15 ಲೀಟರಿನದು. ಅಲ್ಲಿಗೆ 45 ಬಿಂದಿಗೆ ಆಯಿತು. ಅದರಲ್ಲಿ ನೂರಕ್ಕೆ 80 ಭಾಗ ಬಚ್ಚಲು, ಪಾತ್ರೆ, ಕಕ್ಕಸಿನಿಂದ ವಾಪಸು ಹೋಗುತ್ತದಂತೆ. ಅಂದರೆ 45 ಬಿಂದಿಗೆ ಒಳಗೆ ಬಂದರೆ 36 ಬಿಂದಿಗೆ ಹೊರಗೆ ಹೋಗುತ್ತದೆ! ಬರುವ 45ಕ್ಕೆ ಅಷ್ಟು ಜಗಳ ಆಡುತ್ತೇವೆ. ಹೋಗುವ 36 ಬಿಂದಿಗೆ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ನಾನೂ ಮೊದಲು ಕೇಳಿರಲಿಲ್ಲ. ಎರಡು ವರ್ಷದ ಹಿಂದೆ ನನ್ನ ತಂಗಿಗೆ ಟೈಫಾಯ್ಡ್ ಬಂತು. ಒಂಬತ್ತು ದಿನ ಆಸ್ಪತ್ರೆಯಲ್ಲಿ ಇದ್ದಳು. ಜಡೆ ಹಾಕಿಸಿಕೊಳ್ಳುವುದಕ್ಕೂ ಎದ್ದು ಕೂರಲು ಆಗುತ್ತಿರಲಿಲ್ಲ. ನಮ್ಮ ಬೀದಿಯಲ್ಲೇ ಹನ್ನೊಂದು ಜನಕ್ಕೆ ಜ್ವರ, ವಾಂತಿ ಬೇಧಿ. ನಲ್ಲಿ ನೀರು ನೋಡಲು ತಿಳಿಯಾಗಿಯೇ ಇತ್ತು, ಸ್ವಲ್ಪ ವಾಸನೆ ಅಷ್ಟೆ. ಆಗ ಒಬ್ಬರು ಇಂಜಿನಿಯರ್ ಮೇಡಂ ಬಂದರು. ಸಣ್ಣ ಗಾಜಿನ ಕೊಳವೆಯಲ್ಲಿ ನಮ್ಮ ನಲ್ಲಿ ನೀರು ಹಿಡಿದು ಎರಡು ತೊಟ್ಟು ಔಷಧಿ ಬಿಟ್ಟರು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ.

“ಇಲ್ಲಿ ನೋಡು ಮರಿ. ಹಳದಿ ಬಣ್ಣ ಬಂದ್ರೆ ನೀರಲ್ಲಿ ಕ್ಲೋರಿನ್ ಉಳಿದಿದೆ ಅಂತ ಅರ್ಥ. ಬಣ್ಣ ಬರಲಿಲ್ಲ ಅಂದ್ರೆ ಎಲ್ಲೋ ಕೊಳೆ ಸೇರಿ ಕ್ಲೋರಿನ್ ಎಲ್ಲ ಖರ್ಚಾಗಿರಬಹುದು” ಎಂದರು. ಬಣ್ಣ ಬರಲೇ ಇಲ್ಲ.

“ಮೇಡಂ, ಪೈಪಿನಲ್ಲಿ ತೂತಿದ್ರೆ ನೀರು ಆಚೆಗೆ ಬರಬೇಕಲ್ವಾ? ಕೊಳೆ ಹೆಂಗೆ ಒಳಗೆ ಹೋಗುತ್ತೆ?” ಎಂದು ನಾನು ಕೇಳಿದೆ.

ಅವರು ಸಿಟ್ಟು ಮಾಡಲಿಲ್ಲ. “ಒಳ್ಳೇ ಪ್ರಶ್ನೆ. ನೀರು ಬಿಟ್ಟಾಗ ಆಚೆಗೇ ಬರುತ್ತೆ. ನೀರು ನಿಲ್ಲಿಸಿದಾಗ ಪೈಪು ಖಾಲಿ ಆಗ್ತಾ ಆಗ್ತಾ ಒಳಗೆ ಎಳೆದುಕೊಳ್ಳುತ್ತೆ. ನೀನು ಎಳನೀರು ಹೀರ್ತೀಯಲ್ಲ, ಹಂಗೆ” ಎಂದರು.

ರಾತ್ರಿ ಬೀದಿ ಸದ್ದಿಲ್ಲದೆ ಇರುವಾಗ ಅವರ ಜೊತೆಯವರು ಒಂದು ಉದ್ದ ಕಬ್ಬಿಣದ ಕೋಲನ್ನು ನೆಲಕ್ಕೆ ಊರಿ ಇನ್ನೊಂದು ತುದಿಗೆ ಕಿವಿ ಇಟ್ಟು ಕೇಳಿದರು. ಡಾಕ್ಟರು ಎದೆಬಡಿತ ಕೇಳುವ ಹಾಗೆಯೇ! ನೀರು ಸೋರುವ ಜಾಗದಲ್ಲಿ ಸುಯ್ ಎಂದು ಸದ್ದು ಬರುತ್ತದಂತೆ. ಮಾರನೇ ದಿನ ಅಗೆದರು. ಮನೆಗಳಿಗೆ ಹೋಗುವ ಪೈಪು ಮೋರಿಯ ಒಳಗೇ ಹಾದು ಹೋಗಿತ್ತು. ತುಕ್ಕು ಹಿಡಿದು ಒಂದು ಬಟಾಣಿ ಕಾಳಿನಷ್ಟು ತೂತು ಬಿದ್ದಿತ್ತು. ಒಂದು ಬಟಾಣಿ ಕಾಳಿನಷ್ಟು ತೂತಿನಿಂದ ಹನ್ನೊಂದು ಜನ ಮಲಗಿದ್ದರು. ನನ್ನ ತಂಗಿಗೆ ಗುಣ ಮಾಡಿದವರು ಡಾಕ್ಟರು. ಆದರೆ ನಮ್ಮ ಬೀದಿಯಲ್ಲಿ ಮತ್ತೆ ಯಾರಿಗೂ ಅದು ಬರದ ಹಾಗೆ ಮಾಡಿದವರು ಇಂಜಿನಿಯರ್. ಬರುವ ನೀರು, ಹೋಗುವ ನೀರು ಎರಡೂ ಒಂದೇ ಕೆಲಸ ಎಂದು ನನಗೆ ಅರ್ಥ ಆಗಿದ್ದು ಆವತ್ತು.

ಹಾಗಾದರೆ ಹೋಗುವ ನೀರು ಎಲ್ಲಿಗೆ ಹೋಗಬೇಕು? ಇದರ ಉತ್ತರ ನಮ್ಮ ಹತ್ತಿರವೇ ಇದೆ. ಜಕ್ಕೂರು ಕೆರೆಗೆ ನಮ್ಮ ವಿಜ್ಞಾನದ ಮೇಷ್ಟ್ರು ಕರೆದುಕೊಂಡು ಹೋಗಿದ್ದರು. ಸುಮಾರು 160 ಎಕರೆ ಕೆರೆ ಅದು. ಯಲಹಂಕ, ಅಳ್ಳಾಲಸಂದ್ರ, ಜಕ್ಕೂರು, ರಾಚೇನಹಳ್ಳಿ ಹೀಗೆ ಒಂದು ಕೆರೆ ಕೋಡಿ ಬಿದ್ದರೆ ಇನ್ನೊಂದು ಕೆರೆಗೆ ನೀರು ಹೋಗುವ ಹಾಗೆ ಹಿರಿಯರು ಸಾಲಾಗಿ ಕಟ್ಟಿದ್ದಾರೆ. ಜಕ್ಕೂರು ಕೆರೆಯ ಮೇಲ್ಗಡೆ ಒಂದು ಕೊಳಚೆ ನೀರು ಶುದ್ಧ ಮಾಡುವ ಘಟಕ ಇದೆ.

ಅಂಥ ಘಟಕದ ಕೆಲಸವನ್ನು ಮೇಷ್ಟ್ರು ಹೇಳಿಕೊಟ್ಟರು. ಮೊದಲು ಕಂಬಿಗಳ ಜಾಲರಿಯಲ್ಲಿ ಬಟ್ಟೆ, ಪ್ಲಾಸ್ಟಿಕ್ ತಡೆಯುತ್ತಾರೆ. ಆಮೇಲೆ ಮರಳು ತಳಕ್ಕೆ ಕೂರುತ್ತದೆ. ಆಮೇಲೆ ತೊಟ್ಟಿಯಲ್ಲಿ ಗಾಳಿ ಊದುತ್ತಾರೆ. ಗಾಳಿ ಸಿಕ್ಕಿದ ಕೂಡಲೇ ಕಣ್ಣಿಗೆ ಕಾಣದ ಜೀವಾಣುಗಳು ಬೆಳೆದು ಕೊಳೆಯನ್ನು ತಿಂದುಹಾಕುತ್ತವೆ. ಹೊಟ್ಟೆ ತುಂಬಿದ ಜೀವಾಣುಗಳು ಮುಂದಿನ ತೊಟ್ಟಿಯಲ್ಲಿ ಕೆಸರಾಗಿ ತಳಕ್ಕೆ ಕೂರುತ್ತವೆ. ಮೇಲಿನ ತಿಳಿನೀರು ಮುಂದಕ್ಕೆ ಹೋಗುತ್ತದೆ. ಆ ಕೆಸರಿನಲ್ಲಿ ಸ್ವಲ್ಪವನ್ನು ಮತ್ತೆ ಗಾಳಿ ತೊಟ್ಟಿಗೇ ಹಾಕುತ್ತಾರೆ. ಅಮ್ಮ ನಾಳೆಯ ಮೊಸರಿಗೆ ಇವತ್ತಿನ ಮೊಸರಿನಲ್ಲಿ ಸ್ವಲ್ಪ ಹೆಪ್ಪಿಗೆ ಎತ್ತಿಡುತ್ತಾರಲ್ಲ, ಇದೂ ಹಾಗೇ.

ಜಕ್ಕೂರಿನಲ್ಲಿ ಹೀಗೆ ಶುದ್ಧವಾದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಜೊಂಡು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಹಾದು ಬರುತ್ತದೆ. ಉಳಿದ ಸಾರವನ್ನು ಜೊಂಡಿನ ಬೇರುಗಳು ಹೀರಿಕೊಳ್ಳುತ್ತವೆ. ಕೆರೆಯಲ್ಲಿ ಹೆಜ್ಜಾರ್ಲೆಗಳು ಈಜುತ್ತಿದ್ದವು, ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು, ಒಬ್ಬರು ತೆಪ್ಪದಲ್ಲಿ ಮೀನು ಹಿಡಿಯುತ್ತಿದ್ದರು. ನಮ್ಮ ಬಚ್ಚಲ ನೀರಿನಂಥದ್ದೇ ನೀರು ಅದು!

ಹೆಬ್ಬಾಳ–ನಾಗವಾರ ಕಣಿವೆಯಿಂದ ಹೀಗೆ ಶುದ್ಧ ಮಾಡಿದ ನೀರನ್ನು ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಪಂಪು ಮಾಡುವ ಯೋಜನೆಯೂ ಇದೆ. ದಿನಕ್ಕೆ 21 ಕೋಟಿ ಲೀಟರ್. ಆ ಕೆರೆಗಳ ಸುತ್ತ ಬಾವಿ, ಬೋರ್‌ವೆಲ್‌ಗಳಲ್ಲಿ ನೀರು ಏರಲಿ ಎಂದು. ಆದರೆ ಅಲ್ಲಿನ ರೈತರು ಮೂರನೇ ಹಂತದ ಶುದ್ಧೀಕರಣವನ್ನೂ ಮಾಡಿ ಎಂದು ಕೇಳುತ್ತಿದ್ದಾರೆ. ಅವರು ಕೇಳುವುದು ನ್ಯಾಯ ಎಂದು ನನಗೆ ಅನಿಸುತ್ತದೆ. ನಾವು ಕೊಟ್ಟ ನೀರನ್ನು ನಾವು ಮುಟ್ಟುವ ಹಾಗಿರಬೇಕು. ಅದಕ್ಕೂ ಒಳ್ಳೆಯ ಇಂಜಿನಿಯರ್‌ಗಳೇ ಬೇಕು.

ಈಗ ನಮ್ಮ ಮನೆ ವಿಷಯ ಹೇಳುತ್ತೇನೆ. ನಮ್ಮ ಮುತ್ತಾತ ನೀರುಗಂಟಿ ಆಗಿದ್ದರು. ನೀರುಗಂಟಿ ಅಂದರೆ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವವರು. ತಾತ ಹೇಳುತ್ತಾರೆ: “ನಮ್ಮಪ್ಪ ಸನಿಕೆ ಹೆಗಲ ಮೇಲಿಟ್ಟು ರಾತ್ರಿಯೆಲ್ಲ ಏರಿ ಮೇಲೆ ತಿರುಗೋನು. ದೊಡ್ಡೋರ ಗದ್ದೆಗೂ ಅಷ್ಟೆ, ಬಡವರ ಗದ್ದೆಗೂ ಅಷ್ಟೆ ನೀರು ಬಿಡೋನು. ಅವನ ಮಾತು ಯಾರೂ ಮೀರ್ತಿರಲಿಲ್ಲ. ಆದ್ರೆ ಊರ ಬಾವೀಲಿ ಒಂದು ಕೊಡ ಸೇದೋ ಹಂಗಿರಲಿಲ್ಲ. ಕೇರಿಯೋರು ಅಂತ. ಯಾರಾದ್ರೂ ಸೇದಿ ಮೇಲಿಂದ ಹುಯ್ದರೆ ಉಂಟು.” ತಾತ ಇದನ್ನು ನಗುತ್ತಾ ಹೇಳುತ್ತಾರೆ. ಊರಿಗೆಲ್ಲ ನೀರು ಹಂಚಿದವರಿಗೆ ನೀರು ಇರಲಿಲ್ಲ ಅಂದರೆ ನನಗೆ ನಗು ಬರುವುದಿಲ್ಲ.

ನಾನು ಆಗಬೇಕೆಂದಿರುವುದನ್ನು ಮನೆಯಲ್ಲಿ ಹೇಳಿದಾಗ ತಾತನಿಗೆ ಸಿಟ್ಟು ಬಂತು. “ಓದಿ ಓದಿ ತಿರುಗ ಮೋರಿಗೇ ಬರ್ತೀಯೇನಮ್ಮ? ಅದರಿಂದ ಆಚೆ ಬರೋಕೆ ನಾವು ಎಷ್ಟು ಪಾಡು ಪಟ್ಟಿದೀವಿ ಗೊತ್ತಾ?” ಎಂದರು. ತಾತನ ಕಡೆಯ ನೆಂಟರೊಬ್ಬರು ಮ್ಯಾನ್‌ಹೋಲ್ ಒಳಗೆ ಇಳಿದು ವಾಪಸು ಬರಲಿಲ್ಲ. ನಾನು ಹುಟ್ಟುವ ಮುಂಚಿನ ಮಾತು ಅದು. ಮ್ಯಾನ್‌ಹೋಲ್ ಒಳಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ಇರುತ್ತದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ಜಾಸ್ತಿ ಇದ್ದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. ವಾಸನೆ ಇಲ್ಲ ಎಂದು ಇಳಿದವರು ಅಲ್ಲೇ ಬಿದ್ದುಹೋಗುತ್ತಾರೆ. ಎತ್ತಲು ಇಳಿದವರೂ ಬೀಳುತ್ತಾರೆ. ಮಲ ಹೊರಿಸುವುದಕ್ಕೆ ವಿರುದ್ಧ 1993ರಲ್ಲಿ ಒಂದು ಕಾನೂನು ಬಂತು. ರಕ್ಷಣೆ ಇಲ್ಲದೆ ಒಳಚರಂಡಿಗೆ ಮನುಷ್ಯರನ್ನು ಇಳಿಸುವುದು ಅಪರಾಧ ಎಂದು 2013ರ ಕಾನೂನು ಹೇಳುತ್ತದೆ. ಆದರೂ ಸಾವಿನ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇದೆ. ಇಳಿಯುವವರು ಯಾವ ಕೇರಿಯವರು ಎಂದು ನಾನು ಬರೆಯಬೇಕಾಗಿಲ್ಲ.

ನಾನು ತಾತನಿಗೆ ಹೇಳಿದೆ: “ಇಳಿಯೋಕಲ್ಲ ತಾತ, ಯಾರೂ ಇಳೀಬಾರದು ಅಂತ.” ಪೈಪಿನ ಇಳಿಜಾರು ಸರಿಯಾಗಿದ್ದು ಕೊಳಚೆ ಸೆಕೆಂಡಿಗೆ ಸುಮಾರು 60 ಸೆಂಟಿಮೀಟರ್‌ನಂತೆ ಹರಿದರೆ ತಳದಲ್ಲಿ ಕಸ ಕೂರುವುದು ಬಹಳ ಕಡಿಮೆಯಾಗುತ್ತದೆ. ಕೂತರೂ ಜೆಟ್ಟಿಂಗ್ ಯಂತ್ರದಿಂದ ಮೇಲಿನಿಂದಲೇ ನೀರು ಚಿಮ್ಮಿಸಿ ತೆಗೆಯಬಹುದು. ಇಳಿಜಾರು ಎಷ್ಟು ಎಂದು ಕಾಗದದ ಮೇಲೆ ಗೀಚುವವರು ಇಂಜಿನಿಯರು. ಅವರು ಅಲ್ಲಿ ತಪ್ಪಿದರೆ ಇಲ್ಲಿ ಯಾರೋ ಇಳಿಯಬೇಕಾಗುತ್ತದೆ. ತಾತ ಏನೂ ಹೇಳಲಿಲ್ಲ. ಎಲೆಅಡಿಕೆ ಹಾಕಿಕೊಂಡು ಆಚೆ ಹೋದರು. ಆದರೆ ಆ ಭಾನುವಾರ ತಾವಾಗಿಯೇ ನನ್ನನ್ನು ಕೆರೆ ಏರಿ ಮೇಲೆ ಕರೆದುಕೊಂಡು ಹೋಗಿ ಹಳೇ ತೂಬಿನ ಕಲ್ಲುಕಂಬ ತೋರಿಸಿದರು. “ಇಲ್ಲಿ ನಿಂತ್ಕೊಳ್ಳೋನು ನಮ್ಮಪ್ಪ” ಎಂದರು. ಈಗ ಅವರೇ ದಿನಾ ಸಂಜೆ ನನ್ನ ಮಗ್ಗಿ ಕೇಳುತ್ತಾರೆ.

ಇಂಜಿನಿಯರ್ ಆಗಲು ಏನು ಓದಬೇಕು ಎಂದು ಮೇಷ್ಟ್ರನ್ನು ಕೇಳಿದ್ದೇನೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಿಯುಸಿಯಲ್ಲಿ ವಿಜ್ಞಾನ, ಆಮೇಲೆ ಸಿಇಟಿ, ಆಮೇಲೆ ಸಿವಿಲ್ ಇಂಜಿನಿಯರಿಂಗ್. ಇಲ್ಲವೇ ಹತ್ತನೇ ತರಗತಿ ಆದ ಕೂಡಲೇ ಡಿಪ್ಲೊಮಾ. ಇದೇ ಬಳ್ಳಾರಿ ರಸ್ತೆಯಲ್ಲಿ ಮುಂದೆ ಹೋದರೆ ಸರ್ ಎಂ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಗೆ ದಾರಿ ಸಿಗುತ್ತದೆ. ಅವರನ್ನು ನಾವು ಕನ್ನಂಬಾಡಿ ಕಟ್ಟೆಗೆ ಮಾತ್ರ ನೆನೆಯುತ್ತೇವೆ. ಆದರೆ ಅವರು ಸಿಂಧ್ ಪ್ರಾಂತ್ಯದ ಸುಕ್ಕೂರಿಗೆ ಕುಡಿಯುವ ನೀರು ಕೊಟ್ಟರು, 1908ರ ದೊಡ್ಡ ಪ್ರವಾಹದ ನಂತರ ಹೈದರಾಬಾದಿನ ಒಳಚರಂಡಿಗೂ ಯೋಜನೆ ಮಾಡಿದರು. ಅಂಥವರೇ ಮೋರಿಯನ್ನು ಕೀಳು ಎಂದುಕೊಳ್ಳಲಿಲ್ಲ. ಅವರು ಕಟ್ಟಿಸಿದ ಇಂಜಿನಿಯರಿಂಗ್ ಕಾಲೇಜು 1917ರಿಂದ ನಮ್ಮ ಬೆಂಗಳೂರಿನಲ್ಲೇ ಇದೆ. ನನಗೆ ಅಲ್ಲಿ ಸೀಟು ಸಿಗಬೇಕು ಎಂದು ಆಸೆ. ಗಣಿತದಲ್ಲಿ ಭಿನ್ನರಾಶಿ ಇನ್ನೂ ಸ್ವಲ್ಪ ಕಷ್ಟ. ಕಲಿಯುತ್ತೇನೆ.

ಗೆಳೆಯ ಗೆಳತಿಯರೇ, ನನ್ನದೊಂದು ಬಿನ್ನಹ. ಇವತ್ತು ಮನೆಗೆ ಹೋಗಿ ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ನೋಡಿ. ಪೈಪಿಗೋ, ಗುಂಡಿಗೋ, ರಾಜಕಾಲುವೆಗೋ? ನಿಮ್ಮ ಮನೆಯ ನಲ್ಲಿ ಪೈಪು ಮೋರಿಯಲ್ಲಿ ಹಾದು ಹೋಗಿದೆಯೋ ಅದನ್ನೂ ನೋಡಿ. ನೋಡಿದ್ದನ್ನು ಒಂದು ಚೀಟಿಯಲ್ಲಿ ಬರೆದು ನನಗೆ ಕೊಡಿ. ಮುಂದಿನ ತಿಂಗಳ ಗೋಡೆ ಪತ್ರಿಕೆಯಲ್ಲಿ ನಮ್ಮೂರಿನ ಹೋಗುವ ನೀರಿನ ನಕ್ಷೆಯನ್ನು ನಾನೇ ಬರೆದು ಅಂಟಿಸುತ್ತೇನೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಮಾತು ಕೊಳಚೆಗೂ ಸರಿ, ಒಳ್ಳೇ ಕೆಲಸಕ್ಕೂ ಸರಿ.

ಇಂತಿ ನಿಮ್ಮ ಸಹಪಾಠಿ,
ಏಳನೇ ತರಗತಿ, ಕನ್ನಡ ಮಾಧ್ಯಮ
ಬ್ಯಾಟರಾಯನಪುರ