ಮುಕ್ಕಾಲಿಗೆ ನಿಂತ ಮುಳ್ಳು

ನಮ್ಮ ಮಾರುತಿ 800 ಗಾಡಿ 2005ರದು. ಹದಿನೈದು ವರ್ಷ ತುಂಬಿದ ಮೇಲೆ ಮರುನೋಂದಣಿ ಮಾಡಿಸಿ ಇಟ್ಟುಕೊಂಡಿದ್ದೇವೆ. ಮಗ "ಮಾರಿಬಿಡ್ರಿ" ಅನ್ನುತ್ತಾನೆ. ನಮ್ಮವರು ಕೇಳಬೇಕಲ್ಲ!

2023ರ ದೀಪಾವಳಿಗೆ ಅದರಲ್ಲೇ ಪುಣೆಯಿಂದ ಧಾರವಾಡಕ್ಕೆ ಹೊರಟೆವು. ತವರಿನಲ್ಲಿ ಅವ್ವ ಒಬ್ಬಳೇ. ಫೋನಿನಲ್ಲಿ ಯಾವಾಗ ಕೇಳಿದರೂ "ನಾ ಆರಾಮ ಅದೀನಿ" ಎಂಬ ಒಂದೇ ಉತ್ತರ.

ಪೆಟ್ರೋಲ್ ಮುಳ್ಳು ಮುಕ್ಕಾಲಿನಲ್ಲಿತ್ತು. "ಇಲ್ಲೇ ತುಂಬಿಸ್ರಿ" ಅಂದೆ. "ಗಡಿ ದಾಟಿದ ಮ್ಯಾಲೆ ಹಾಕಿಸೋಣು. ಲೀಟರಿಗೆ ನಾಕು ರೂಪಾಯಿ ಉಳೀತದ" ಅಂದರು. ಖಂಬಾಟಕಿ ಘಾಟು ಹತ್ತಿದೆವು, ಸಾತಾರಾ ಹೋಯಿತು, ಕರಾಡದಲ್ಲಿ ಕೃಷ್ಣೆಗೆ ಕೈ ಮುಗಿದೆ. ನೂರಾ ಅರವತ್ತು ಕಿಲೋಮೀಟರಾದರೂ ಮುಳ್ಳು ಮುಕ್ಕಾಲಿನಲ್ಲೇ! "ನೋಡು, ಹಳೇ ಗಾಡಿ ಹೆಂಗ ಮೈಲೇಜ್ ಕೊಡ್ತದ" ಎಂದು ನಮ್ಮವರು ಹಿಗ್ಗಿದರು.

ಕೊಲ್ಹಾಪುರ ದಾಟಿ, ಕಾಗಲ್ ಮುಟ್ಟುವ ಮೊದಲೇ ಗಾಡಿ ಎರಡು ಸಲ ಜಗ್ಗಿ ನಿಂತೇಬಿಟ್ಟಿತು. ಪಕ್ಕದಲ್ಲಿ ಕಬ್ಬಿನ ಟ್ರಾಕ್ಟರುಗಳ ಸಾಲು. ಮೋಟಾರ್ ಸೈಕಲ್ಲಿನ ಹುಡುಗನೊಬ್ಬ ಇವರನ್ನು ಪಂಪಿಗೆ ಕರೆದೊಯ್ದು ಎರಡು ಲೀಟರ್ ತರಿಸಿಕೊಟ್ಟ. ಉಳಿಸಲು ಹೊರಟ ನಾಲ್ಕು ರೂಪಾಯಿಯ ಮಾತನ್ನು ನಾನು ಎತ್ತಲಿಲ್ಲ.

ನಿಪ್ಪಾಣಿಯಲ್ಲಿ ಒಬ್ಬ ಮಿಸ್ತ್ರಿ ಸಿಕ್ಕ. ಬೀಡಿ ಸೇದುತ್ತಿದ್ದವರನ್ನು ಮೊದಲು ದೂರ ಕಳಿಸಿದ. "ಖಾಲಿ ಟ್ಯಾಂಕಿನ ಹೊಗೀನ ಹೆಚ್ಚು ಅಪಾಯ, ವೈನಿ" ಅಂದ. ಟ್ಯಾಂಕ್ ತೆರೆಯುವ ಮೊದಲು ಕೀಲಿ ತಿರುಗಿಸಿ, ಟ್ಯಾಂಕಿಗೆ ಹೋಗುವ ವೈರ್ ಬಿಚ್ಚಿದ. ಮುಳ್ಳು ಒಂದು ತುದಿಗೆ ಬಿತ್ತು. ವೈರನ್ನು ಗಾಡಿಯ ಕಬ್ಬಿಣಕ್ಕೆ ತಾಗಿಸಿದಾಗ ಇನ್ನೊಂದು ತುದಿಗೆ ಓಡಿತು. ಅಂದರೆ ಮೀಟರೂ ಸರಿ, ವೈರೂ ಸರಿ, ದೋಷ ಟ್ಯಾಂಕಿನೊಳಗೆ. ಆಮೇಲೆ ಬ್ಯಾಟರಿ ಕಳಚಿಟ್ಟೇ ಟ್ಯಾಂಕಿಗೆ ಕೈ ಹಾಕಿದ.

ಪೆಟ್ರೋಲ್ ಮೇಲೆ ತೇಲುವ ಒಂದು ಬೆಂಡು, ಅದಕ್ಕೊಂದು ತಂತಿಯ ತೋಳು. ಬೆಂಡು ಇಳಿದಂತೆ ತೋಳು ಇಳಿದು ವಿದ್ಯುತ್ತಿನ ತಡೆ ಬದಲಾಗುತ್ತದೆ, ಮುಳ್ಳು ಸರಿಯುತ್ತದೆ. ನಮ್ಮ ಗಾಡಿಯಲ್ಲಿ ಕೀಲು ತುಕ್ಕು ಹಿಡಿದು ತೋಳು ಮೇಲೆಯೇ ಸಿಕ್ಕಿಕೊಂಡಿತ್ತು. ತುಕ್ಕು ಉಜ್ಜಿ ತೆಗೆದು ಕೂಡಿಸಿದ. "ಇನ್ಮ್ಯಾಲೆ ಮುಳ್ಳು ನಂಬಬ್ಯಾಡ್ರಿ ಸಾಹೇಬ್ರ, ಹಾಕಿಸಿದಾಗೊಮ್ಮೆ ಕಿಲೋಮೀಟರ್ ಬರದಿಡ್ರಿ" ಅಂದ.

ಧಾರವಾಡ ಸೇರಿದಾಗ ರಾತ್ರಿ. ಬಾಗಿಲು ತೆಗೆದ ಅವ್ವನ ಕುಪ್ಪಸದ ತೋಳು ಜೋಲುತ್ತಿತ್ತು. ಔಷಧದ ಡಬ್ಬಿ ನೋಡಿದೆ, ಬಿ.ಪಿ. ಗುಳಿಗೆ ಮುಗಿದು ಎಂಟು ದಿನವಾಗಿತ್ತಂತೆ. "ನಿಮಗ್ಯಾಕ ತ್ರಾಸು ಅಂತ ಹೇಳಲಿಲ್ಲವಾ" ಅಂದಳು. ನಾಲ್ಕು ದಿನಕ್ಕೆಂದು ಹೋದವಳು ತಿಂಗಳು ನಿಂತೆ.

ಈಗ ಗಾಡಿಯಲ್ಲೊಂದು ಪುಟ್ಟ ನೋಟ್‌ಬುಕ್ ಇದೆ, ನಮ್ಮವರೇ ಲೆಕ್ಕ ಬರೆಯುತ್ತಾರೆ. ನಾನೂ ಫೋನಿನಲ್ಲಿ "ಹೆಂಗಿದ್ದೀ" ಎಂದು ಕೇಳುವುದನ್ನು ಬಿಟ್ಟಿದ್ದೇನೆ. "ಅವ್ವಾ, ಡಬ್ಯಾಗ ಗುಳಿಗಿ ಎಷ್ಟು ಉಳದಾವ, ಎಣಿಸಿ ಹೇಳು" ಅನ್ನುತ್ತೇನೆ.