ಚಿನ್ನದ ಲೇಪದ ವೈರು, ನಮ್ಮಪ್ಪನ ಕಿವಿ

ಸಿನಿಮಾ ಹುಚ್ಚಿನ ಗೆಳೆಯರೇ, ನಿಮಗೊಂದು ಪ್ರಶ್ನೆ. ಎರಡು ಮೀಟರ್ ಉದ್ದದ ಒಂದು ವೈರಿಗೆ 9,000 ರೂಪಾಯಿ ಸುರಿಯುವವನನ್ನು ಏನೆಂದು ಕರೀತೀರಿ? ಬಾಯಿಗೆ ಬಂದದ್ದು ಕರೆದುಬಿಡಿ, ಬೇಸರವಿಲ್ಲ. ಆ ಮಹಾಶಯ ನಾನೇ!

ನಮ್ಮಪ್ಪ ಮಂಡ್ಯ ಜಿಲ್ಲೆಯ ಟೂರಿಂಗ್ ಟಾಕೀಸಿಗೆ ರೀಲು ಸುತ್ತುವ ಹುಡುಗನಾಗಿ ಸೇರಿ, ಆಮೇಲೆ ಖಾಯಂ ಟಾಕೀಸಿನಲ್ಲಿ ಆಪರೇಟರ್ ಆಗಿ ತಲೆಗೂದಲು ಹಣ್ಣು ಮಾಡಿಕೊಂಡವರು. 1974ರ 'ಸಂಪತ್ತಿಗೆ ಸವಾಲ್' ಟೆಂಟಿಗೆ ಬಂದಾಗ, ಅಣ್ಣಾವ್ರು ಎಮ್ಮೆ ಮೇಲೆ ಕೂತು ಸ್ವಂತ ಕಂಠದಲ್ಲಿ ಹಾಡುವ ಹಾಡಿಗೆ ಜನ ಒನ್ಸ್ ಮೋರ್ ಕೂಗಿ ಕೂಗಿ, ಅಪ್ಪ ರೀಲನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕುತ್ತಿದ್ದರಂತೆ. ಈ ಕಥೆ ನಮ್ಮ ಮನೆಯಲ್ಲಿ ನೂರಾರು ಪ್ರದರ್ಶನ ಕಂಡಿದೆ!

ಈಗ ಅಪ್ಪ ನನ್ನ ಜೊತೆ ಮೈಸೂರಿನಲ್ಲಿದ್ದಾರೆ. ಹೋದ ವರ್ಷ ಬೋನಸ್ಸು ಬಂತು. ದೊಡ್ಡ ಟೀವಿ ತಂದೆ, ಅದರ ಕೆಳಗೆ ಸೌಂಡ್‌ಬಾರ್ ಇಟ್ಟೆ. 'ಅಪ್ಪಾ, ಇನ್ನು ಮನೇನೇ ಟಾಕೀಸು' ಅಂದೆ. ಮೊದಲ ಆಟ 2022ರ 'ಕಾಂತಾರ'. ಅಜನೀಶ್ ಲೋಕನಾಥ್ ಅವರ ಸಂಗೀತದ ಪೆಟ್ಟು ಎದೆಗೇ ಬಿತ್ತು. ಅಪ್ಪ ಕಾಲಲ್ಲಿ ತಾಳ ಹಾಕಿದರು. ಆದರೆ ಮಾತು ಶುರುವಾಯಿತೋ ಇಲ್ಲವೋ...

'ಏನ್ಲಾ ಅಂದ ಅವ್ನು?'

ಕರಾವಳಿ ಮಾತು, ಅರ್ಥವಾಗಿಲ್ಲ ಅಂದುಕೊಂಡೆ. ಮಾರನೇ ದಿನ ಅಣ್ಣಾವ್ರ ಚಿತ್ರ ಹಾಕಿದೆ. ಅಲ್ಲೂ ಅದೇ. 'ಏನಂದ್ರು ಅಣ್ಣಾವ್ರು?' ನನಗೆ ಕಸಿವಿಸಿ ಆಯಿತು. ಅಣ್ಣಾವ್ರ ಮಾತನ್ನು ಬಾಯಿಪಾಠ ಒಪ್ಪಿಸುತ್ತಿದ್ದ ಮನುಷ್ಯ ಇವರು! ತಪ್ಪು ಸೌಂಡಿನದೇ ಇರಬೇಕು ಎಂದು ತೀರ್ಮಾನಿಸಿಬಿಟ್ಟೆ. ಬೇರೆ ಏನನ್ನೂ ಯೋಚಿಸಲು ಮನಸ್ಸು ಒಪ್ಪಲಿಲ್ಲ.

ಬೆಂಗಳೂರಿಗೆ ಹೋದಾಗ ಒಂದು ದೊಡ್ಡ ಅಂಗಡಿಗೆ ನುಗ್ಗಿದೆ. ಅಲ್ಲಿನ ಹುಡುಗ ನನ್ನ ಕಥೆ ಕೇಳಿ ನಕ್ಕ. 'ಬಾಕ್ಸ್ ಜೊತೆ ಪುಕ್ಕಟೆ ಬಂದ ಎಚ್‌ಡಿಎಂಐ ಕೇಬಲ್ ಹಾಕಿದೀರಾ ಸಾರ್? ಅದಕ್ಕೇ ಮತ್ತೆ! ಇದು ನೋಡಿ, ಬೆಳ್ಳಿ ಎಳೆ, ಚಿನ್ನದ ಲೇಪ. ಡೈಲಾಗು ಗಾಜಿನ ಥರಾ ಕ್ಲಿಯರ್ ಆಗುತ್ತೆ.' ನಾನು ಬೆಲೆ ಕೇಳಿ ಬೆಚ್ಚಿದೆ. ಅವನು ಕೊನೇ ಬಾಣ ಬಿಟ್ಟ. 'ಕಿವಿ ಇರೋರಿಗೆ ಗೊತ್ತಾಗುತ್ತೆ ಸಾರ್ ವ್ಯತ್ಯಾಸ!'

ನನಗೆ ಕಿವಿ ಇಲ್ಲ ಅಂತ ಒಪ್ಪಿಕೊಳ್ಳುವುದು ಹೇಗೆ ಸ್ವಾಮಿ? ಕೊಂಡೆ.

ಅವತ್ತು ರಾತ್ರಿ ವೈರು ಬದಲಾಯಿಸಿ ಹಾಡು ಹಾಕಿದೆ. ಆಹಾ! ಕೊಳಲು ಬೇರೆ, ತಬಲಾ ಬೇರೆ, ಪರದೆ ಸರಿಸಿದ ಹಾಗೆ! 'ಹೇಗಿದೆ ಅಪ್ಪಾ?' ಅಂದೆ. ಅಪ್ಪ ತಲೆ ಅಲ್ಲಾಡಿಸಿದರು. 'ಅದೇ ಸೌಂಡು ಕಣ್ಲಾ ಮಗಾ.'

ನನಗೆ ರೇಗಿತು. ಒಂಬತ್ತು ಸಾವಿರದ ಉರಿ ಬೇರೆ. 'ನಿಮಗೆ ಕಿವೀನೇ ಕೇಳ್ಸಲ್ಲ, ಬಿಡಿ!' ಅಂದುಬಿಟ್ಟೆ.

ಅಪ್ಪ ಏನೂ ಹೇಳಲಿಲ್ಲ. ಎದ್ದು ಒಳಗೆ ಹೋದರು. ಆಮೇಲೆ ನಾಲ್ಕು ದಿನ ಟೀವಿ ಮುಂದೆ ಕೂರಲೇ ಇಲ್ಲ.

ಐದನೇ ದಿನ ಎಲೆಕ್ಟ್ರಾನಿಕ್ಸ್ ಓದುತ್ತಿರುವ ನನ್ನ ಅಕ್ಕನ ಮಗಳು ಮನೆಗೆ ಬಂದಳು. ವೈರಿನ ಬೆಲೆ ಕೇಳಿ ಕಣ್ಣರಳಿಸಿದಳು. 'ಮಾಮ, ಜಗಳ ಯಾಕೆ? ಪರೀಕ್ಷೆ ಮಾಡಿಬಿಡೋಣ' ಅಂದಳು. ಟೀವಿಯ ಹಿಂಭಾಗಕ್ಕೆ ಬೆಡ್‌ಶೀಟು ಕಟ್ಟಿದಳು. ಪ್ರತಿ ಸಲ ನಾಣ್ಯ ಚಿಮ್ಮುವುದು. ತಲೆ ಬಿದ್ದರೆ ದುಬಾರಿ ವೈರು, ಬಾಲ ಬಿದ್ದರೆ ಪುಕ್ಕಟೆ ವೈರು. ಒಂದೇ ಹಾಡು, ಒಂದೇ ವಾಲ್ಯೂಮು, 12 ಸುತ್ತು. ಯಾವ ವೈರು ಎಂದು ನಾವು ಚೀಟಿಯಲ್ಲಿ ಬರೆಯಬೇಕು. ಅಪ್ಪನನ್ನೂ ತಾನೇ ಕೈ ಹಿಡಿದು ಕರೆತಂದಳು.

ಮೂರನೇ ಸುತ್ತಿನಲ್ಲಿ ನಾನು ತೊಡೆ ತಟ್ಟಿ ಹೇಳಿದೆ, 'ಇದೇ ಬೆಳ್ಳಿ ವೈರು! ಆಣೆ!' ಕೊನೆಗೆ ಚೀಟಿ ಬಿಚ್ಚಿದರೆ ಅದು ಪುಕ್ಕಟೆ ವೈರು! ನನ್ನದು ಹನ್ನೆರಡಕ್ಕೆ 5 ಸರಿ. ನನ್ನ ಹೆಂಡತಿಯದು 6. ಕಣ್ಣು ಮುಚ್ಚಿ ಬರೆದಿದ್ದರೂ ಅಷ್ಟೇ ಬರುತ್ತಿತ್ತು. ಅಪ್ಪನ ಚೀಟಿಯಲ್ಲಿ ಹನ್ನೆರಡು ಸಲವೂ ಒಂದೇ ಪದವಿತ್ತು. 'ಒಂದೇ.'

ನೋಡಿ, ಸರಿಯುತ್ತರ ಬರೆದವರು ಅವರೊಬ್ಬರೇ!

'ಅದು ಹೇಗಮ್ಮಾ? ತಾತನ ಟಾಕೀಸಿನಲ್ಲಿ ವೈರಿನದೇ ಅಲ್ಲವಾ ಎಲ್ಲಾ ಆಟ?' ಅಂದೆ. ಅಪ್ಪ ಹೌದೆಂದರು. ಹಳೇ ಫಿಲಂನಲ್ಲಿ ಧ್ವನಿ ಎಂದರೆ ಚಿತ್ರದ ಪಕ್ಕದಲ್ಲಿ ಅಚ್ಚಾದ ಗೆರೆ. ಅದು ತನ್ನ ಚಿತ್ರಕ್ಕಿಂತ ಸುಮಾರು 20 ಫ್ರೇಮು ಮುಂದೆ ಇರುತ್ತದೆ. ಸಣ್ಣ ದೀಪದ ಬೆಳಕು ಆ ಗೆರೆಯನ್ನು ದಾಟಿ ಫೋಟೋ ಸೆಲ್ ಮೇಲೆ ಬೀಳುತ್ತದೆ, ಅಲ್ಲಿ ಹುಟ್ಟುವ ಕರೆಂಟು ತೀರಾ ಸಣ್ಣದು. ಅದನ್ನು ಆಂಪ್ಲಿಫೈಯರಿಗೆ ಒಯ್ಯುವ ವೈರು ಕೆಟ್ಟದ್ದಾದರೆ ಗುಂಯ್ ಎನ್ನುತ್ತದೆ, ಎಣ್ಣೆ ಧೂಳು ಕೂತರೆ ಧ್ವನಿ ಮಂಕಾಗುತ್ತದೆ.

'ಅದು ಅನಲಾಗ್ ತಾತಾ. ಬಿಂದಿಗೆಯಲ್ಲಿ ಹಾಲು ಹೊತ್ತ ಹಾಗೆ. ದಾರಿಯಲ್ಲಿ ನೀರು ಬಿದ್ದರೆ ಹಾಲು ತೆಳ್ಳಗಾಗುತ್ತೆ. ಇದು ಡಿಜಿಟಲ್. ಎಣಿಸಿದ ನೋಟು ಒಯ್ದ ಹಾಗೆ. ನೂರರ ನೋಟನ್ನು ಜರಿ ಚೀಲದಲ್ಲಿ ಒಯ್ದರೂ ನೂರೇ, ಬಟ್ಟೆ ಚೀಲದಲ್ಲಿ ಒಯ್ದರೂ ನೂರೇ. ಚೀಲ ತೂತಾದರೆ ನೋಟು ಬಿದ್ದುಹೋಗುತ್ತೆ, ಆದರೆ ನೂರು ತೊಂಬತ್ತಾಗಲ್ಲ!'

ಎಷ್ಟು ಚೆನ್ನಾಗಿ ಹೇಳಿದಳು ನೋಡಿ. 1982ರಲ್ಲಿ ಬಂದ ಸೀಡಿಯಲ್ಲೇ ಹಾಡು ಅಂಕಿಯಾಗಿತ್ತು. ಒಂದೊಂದು ಚಾನಲ್ಲಿಗೆ ಸೆಕೆಂಡಿಗೆ 44,100 ಅಳತೆ, ಒಂದೊಂದು ಅಳತೆಗೂ 16 ಬಿಟ್ಟು. ಎರಡು ಚಾನಲ್ಲು ಸೇರಿದರೆ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್ಟು. 4ಕೆ ಚಿತ್ರಕ್ಕೆಂದು ಪರೀಕ್ಷಿಸಿ ಮುದ್ರೆ ಒತ್ತಿದ ಎಚ್‌ಡಿಎಂಐ ವೈರು ಸೆಕೆಂಡಿಗೆ 1,800 ಕೋಟಿ ಬಿಟ್ಟು ಹೊರುತ್ತದೆ. ಹಾಡು ಅದರ ಮುಂದೆ ಸಾಸಿವೆ ಕಾಳು! ವೈರು ನಿಜವಾಗಿ ಕೆಟ್ಟರೆ ಧ್ವನಿ ಚಟಪಟ ಎನ್ನುತ್ತದೆ, ತುಂಡು ತುಂಡಾಗುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ಕೊಳಲು ಮಾತ್ರ ಮಧುರವಾಗುವುದು, ಡೈಲಾಗು ಮಾತ್ರ ಗಾಜಾಗುವುದು, ಇವೆಲ್ಲ ನಡೆಯದ ಮಾತು. ಬಿಟ್ಟುಗಳು ಬರುವ ಸಮಯದಲ್ಲಿ ಚೂರು ಏರುಪೇರಾಗುತ್ತದೆ, ಅದಕ್ಕೆ ಜಿಟ್ಟರ್ ಎನ್ನುತ್ತಾರೆ ಎಂದು ಅಂಗಡಿಯವರು ಹೆದರಿಸುವುದುಂಟು. ಅದು ಇರುವುದು ನಿಜ. ಆದರೆ ಒಳ್ಳೆಯ ಯಂತ್ರಗಳು ಬಿಟ್ಟುಗಳನ್ನು ಕೂಡಿಟ್ಟುಕೊಂಡು ತಮ್ಮದೇ ಗಡಿಯಾರಕ್ಕೆ ಸರಿಯಾಗಿ ಮತ್ತೆ ಸಾಲು ನಿಲ್ಲಿಸುತ್ತವೆ.

ಹಾಗಾದರೆ ವೈರು ಲೆಕ್ಕಕ್ಕೇ ಇಲ್ಲವೇ? ಇದೆ. ಪ್ರೊಜೆಕ್ಟರಿಗೆಂದು ಹತ್ತು ಹದಿನೈದು ಮೀಟರ್ ಎಳೆಯುವುದಾದರೆ ಮುದ್ರೆ ನೋಡಿಯೇ ಕೊಳ್ಳಿ. ಸ್ಪೀಕರಿಗೆ ಹೋಗುವ ವೈರು ಅನಲಾಗ್, ದೂರ ಹೆಚ್ಚಿದಷ್ಟೂ ದಪ್ಪ ಇರಲಿ. ಆಪ್ಟಿಕಲ್ ವೈರಿನಲ್ಲಿ ಹೋಗುವುದು ಬೆಳಕು. ಆದ್ದರಿಂದ ತಾಮ್ರದ ವೈರಿನಲ್ಲಿ ಗುಂಯ್ ಎನ್ನುವ ಕರೆಂಟಿನ ಕಾಟವಿದ್ದರೆ ಇದರಲ್ಲಿ ನಿಲ್ಲುತ್ತದೆ. ಇಷ್ಟೇ. ಇದಕ್ಕೆ ಬೆಳ್ಳಿಯೂ ಬೇಡ, ಚಿನ್ನವೂ ಬೇಡ.

ಆಮೇಲೆ ಅವಳು ನಮ್ಮ ಹಾಲನ್ನೊಮ್ಮೆ ನೋಡಿದಳು. ಸೌಂಡ್‌ಬಾರು ಷೋಕೇಸಿನ ಗೂಡಿನೊಳಗೆ, ಅದರ ಮುಂದೆ ನನ್ನ ಮಗನ ಕಪ್ಪುಗಳು! ಅದನ್ನು ಈಚೆಗೆಳೆದು ಅಂಚಿಗೆ ಇಟ್ಟಳು. ಬರೀ ಟೈಲ್ಸಿನ ನೆಲಕ್ಕೆ ಜಮಖಾನ ಹಾಸಿದಳು, ಕಿಟಕಿಗೆ ದಪ್ಪ ಪರದೆ ಬಿಟ್ಟಳು. ಮಾತು ಎದ್ದು ಕೇಳುವ ಸೆಟ್ಟಿಂಗ್ ಒತ್ತಿದಳು. ಒಂದು ರೂಪಾಯಿ ಖರ್ಚಿಲ್ಲ, ವ್ಯತ್ಯಾಸ ಮಾತ್ರ ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೂ ಗೊತ್ತಾಯಿತು!

ಆದರೂ ಅಪ್ಪ ನಡುನಡುವೆ ಕೇಳಿದರು, 'ಏನಂದ್ರು?'

ಆಗ ನನ್ನ ಮನಸ್ಸಿಗೆ ಹೊಳೆಯಿತು. ಸಿಟ್ಟಿನಲ್ಲಿ ನಾನು ಆಡಿದ್ದು ನಿಜವೇ ಆಗಿತ್ತು. ಅದನ್ನು ಪ್ರೀತಿಯಲ್ಲಿ, ಮೊದಲೇ ಆಡಬೇಕಿತ್ತು. ಅಪ್ಪನಿಗೆ ವಯಸ್ಸಾಗಿದೆ ಎಂದು ಒಪ್ಪಲಾರದೆ ನಾನು ವೈರಿನ ಮೇಲೆ ತಪ್ಪು ಹೊರಿಸಿದ್ದೆ.

ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನು ಹಾಕಿ, ಸಣ್ಣ ಸಣ್ಣ ಶಬ್ದ ಕೇಳಿಸಿ ಪರೀಕ್ಷಿಸಿದರು. ಎರಡೂ ಕಿವಿಯಲ್ಲಿ ತಾರಸ್ಥಾಯಿಯ ಶಬ್ದ ಕುಂದಿತ್ತು. ವಯಸ್ಸು ಒಂದು, ವರ್ಷಗಟ್ಟಲೆ ಪ್ರೊಜೆಕ್ಟರಿನ ಪಕ್ಕ ನಿಂತದ್ದು ಇನ್ನೊಂದು. 'ಸ', 'ಶ', 'ತ' ಇಂಥ ಅಕ್ಷರಗಳ ಮೊನೆ ಇರುವುದು ಆ ಎತ್ತರದ ಶಬ್ದದಲ್ಲೇ. ಅದಕ್ಕೇ ಚೆಂಡೆ, ಡೋಲು ಚೆನ್ನಾಗಿ ಕೇಳುತ್ತಿತ್ತು, ಮಾತು ಮಾತ್ರ ಕಲಸಿಹೋಗುತ್ತಿತ್ತು. 'ಕಾಂತಾರ'ದ ರಾತ್ರಿಯ ಒಗಟು ಅಲ್ಲಿ ಬಿಡಿಸಿತು. ಕಿವಿಗೆ ಯಂತ್ರ ಹಾಕಿಸಿದೆವು.

ಬರುವಾಗ ಬಸ್ಸಿನಲ್ಲಿ, 'ಅವತ್ತು ಹಂಗಂದಿದ್ದಕ್ಕೆ ಬೇಜಾರಾಯ್ತಾ ಅಪ್ಪಾ?' ಅಂದೆ. 'ನೀನಂದಿದ್ದು ಸರಿಯಾಗಿ ಕೇಳ್ಲೇ ಇಲ್ಲ ಕಣ್ಲಾ' ಅಂದು ಕಿಟಕಿ ಕಡೆ ತಿರುಗಿದರು. ಸುಳ್ಳು! ನನಗೆ ಗೊತ್ತು.

ಅವತ್ತು ರಾತ್ರಿ ಮತ್ತೆ 'ಸಂಪತ್ತಿಗೆ ಸವಾಲ್' ಹಾಕಿದೆ, ಪುಕ್ಕಟೆ ವೈರಿನಲ್ಲೇ. ಹಾಡು ಬಂತು. ಅಪ್ಪ ಮುಖ ಗಂಟಿಕ್ಕಿ ಆಲಿಸಿದರು. ನನಗೆ ಎದೆ ಡವಡವ.

'ಪ್ರಿಂಟು ಸವೆದೈತೆ ಕಣ್ಲಾ ಮಗಾ. ಕರಕರ ಅಂತೈತೆ.'

ನನಗೆ ಅಷ್ಟು ದಿನ ಆ ಕರಕರ ಕೇಳಿಸಿರಲೇ ಇಲ್ಲ! ಆಪರೇಟರ್ ಸಾಹೇಬರು ವಾಪಸ್ ಡ್ಯೂಟಿಗೆ ಬಂದಿದ್ದರು. ಒಂಬತ್ತು ಸಾವಿರದ ವೈರು ಈಗ ಬೀರುವಿನಲ್ಲಿ ಸುಖವಾಗಿ ಮಲಗಿದೆ.

ಗೆಳೆಯರೇ, ಮನೆಯ ಟಾಕೀಸಿಗೆ ಸುರಿಯಲು ಜೇಬಿನಲ್ಲಿ ದುಡ್ಡಿದ್ದರೆ ಮೊದಲು ಸ್ಪೀಕರಿಗೆ ಹಾಕಿ, ಆಮೇಲೆ ನೆಲಕ್ಕೊಂದು ಜಮಖಾನಕ್ಕೆ ಹಾಕಿ. ಅದಕ್ಕೂ ಮೊದಲು, ಪಕ್ಕದಲ್ಲಿ ಕೂತವರಿಗೆ ಕೇಳಿಸುತ್ತಿದೆಯೇ ಅಂತ ಒಮ್ಮೆ ಕೇಳಿ. ಒನ್ಸ್ ಮೋರ್ ಹಾಕೋದಕ್ಕೆ ಅವರಿರಬೇಕಲ್ಲ!