ಭೀಮೆಯ ದಂಡೆ, ಕೋಳಿಯ ಗರಿ ಮತ್ತು ಗಾಳದ ನೊಣ

ಕಲಬುರಗಿಯಿಂದ ಜೇವರ್ಗಿಗೆ ಸುಮಾರು 40 ಕಿಲೋಮೀಟರ್ ದಾರಿ. ಇಕ್ಕೆಲಗಳಲ್ಲಿ ಎರೆಭೂಮಿ, ತೊಗರಿ, ಹತ್ತಿ, ನಡುನಡುವೆ ಜಾಲಿಯ ಮರಗಳು. ಬಸ್ಸು ಕಟ್ಟಿಸಂಗಾವಿಯ ಸೇತುವೆ ಏರಿದಾಗ ಮಲಗಿದ್ದ ಪ್ರಯಾಣಿಕರೂ ಒಮ್ಮೆ ಕಿಟಕಿಯಾಚೆ ಇಣುಕುತ್ತಾರೆ. ಕೆಳಗೆ ಭೀಮಾ ನದಿ. ಮಳೆಗಾಲದಲ್ಲಿ ಕೆಂಪು-ಕಂದು ನೀರು ದಂಡೆಯನ್ನು ಕೊರೆಯುತ್ತ ಓಡುತ್ತದೆ. 2020ರ ಅಕ್ಟೋಬರ್ ಪ್ರವಾಹವನ್ನು ಈ ಭಾಗದ ಊರುಗಳು ಇನ್ನೂ ಮರೆತಿಲ್ಲ. ಬೇಸಿಗೆಗೆ ಅದೇ ನದಿ ಬಂಡೆಗಳ ನಡುವಿನ ಕೊಳಗಳಾಗಿ ಕುಗ್ಗುತ್ತದೆ. ದೀಪಾವಳಿ ಕಳೆದು ಸಂಕ್ರಾಂತಿಯವರೆಗಿನ ಕಾಲ ಮಾತ್ರ ನೀರು ತಿಳಿಯಾಗಿ, ತಳದ ಕಲ್ಲು ಕಾಣುವಂತಿರುತ್ತದೆ. ದಂಡೆಯಲ್ಲಿ ಗಾಳ ಹಿಡಿದು ಕೂರುವವರಿಗೆ ಅದೇ ಸುಗ್ಗಿ.

ಇಲ್ಲಿನ ಗಾಳ ಸರಳವಾದದ್ದು. ಒಂದು ಬಿದಿರುಕೋಲು, ನೈಲಾನ್ ದಾರ, ಮುಳುಗಲು ಸೀಸದ ಗುಂಡು, ತುದಿಯ ಕೊಕ್ಕೆಗೆ ಎರೆಹುಳವೋ ಹಿಟ್ಟಿನ ಉಂಡೆಯೋ. ಮೀನಿಗೆ ಸಿಗುವುದು ನಿಜವಾದ ಊಟ. ಮೋಸವಿರುವುದು ಒಳಗಿನ ಕೊಕ್ಕೆಯಲ್ಲಿ ಮಾತ್ರ. ಊಟವೂ ಸುಳ್ಳಾಗಿರುವ ಇನ್ನೊಂದು ಬಗೆಯ ಗಾಳ ಜಗತ್ತಿನಲ್ಲಿದೆ. ಅದರ ಕೊಕ್ಕೆಯ ಮೇಲೆ ಕೋಳಿಯ ಗರಿ, ಉಣ್ಣೆ, ರೇಷ್ಮೆಯ ಎಳೆ ಇವುಗಳನ್ನು ಬಿಗಿದು ನೀರಿನ ಮೇಲೆ ಕೂತ ನೊಣದಂತೆ ಕಾಣುವ ಬೊಂಬೆಯೊಂದನ್ನು ಕಟ್ಟಿರುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಫ್ಲೈ ಫಿಶಿಂಗ್ ಎಂದು ಹೆಸರು. ನೊಣ ಕಟ್ಟುವುದೇ ಒಂದು ಪ್ರತ್ಯೇಕ ಕೈಕಸುಬು.

ಜೇವರ್ಗಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಒಂದಲ್ಲ, ಮೂರಿವೆ.

ಮೊದಲನೆಯದು ಪುಸ್ತಕದ್ದು. ಹನ್ನೆರಡನೆಯ ಶತಮಾನದಲ್ಲಿ ಈ ಸೀಮೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಅವರ ರಾಜಧಾನಿ ಕಲಬುರಗಿಯ ಉತ್ತರಕ್ಕಿರುವ ಇಂದಿನ ಬಸವಕಲ್ಯಾಣ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಸಂಗೀತ, ಆನೆ, ಕುದುರೆಗಳ ಜೊತೆಗೆ ‘ಮತ್ಸ್ಯವಿನೋದ’ ಎಂಬ ಭಾಗವೂ ಇದೆ. ಮೂವತ್ತೈದು ಬಗೆಯ ಮೀನುಗಳು, ಅವು ವಾಸಿಸುವ ನೀರು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳದಿಂದ ಹಿಡಿಯುವ ರೀತಿ ಎಲ್ಲವನ್ನೂ ಅದು ಹೇಳುತ್ತದೆ. ಭಾರತದ ಹೆಸರಾಂತ ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗದ ಮೇಲೆ ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು. ಮೀನು ಹಿಡಿಯುವುದು ಹೊಟ್ಟೆಪಾಡು ಮಾತ್ರವಲ್ಲ, ನೋಡಿ ಕಲಿಯುವ ವಿದ್ಯೆಯೂ ಹೌದೆಂದು ಎಂಟು-ಒಂಬತ್ತು ನೂರು ವರ್ಷಗಳ ಹಿಂದೆ ಈ ನೆಲದ ಅರಸನೊಬ್ಬನಿಗೆ ತೋಚಿತ್ತು. ಆತನ ಗಾಳಕ್ಕೂ ಗರಿಯ ನೊಣ ಇರಲಿಲ್ಲ, ಆಹಾರವೇ ಇತ್ತು. ಗರಿಯ ನೊಣದ ಹಳೆಯ ಉಲ್ಲೇಖ ಯುರೋಪಿನದು. ಕ್ರಿ.ಶ. 200ರ ಸುಮಾರಿಗೆ ಈಲಿಯನ್ ಎಂಬ ಲೇಖಕ, ಮ್ಯಾಸಿಡೋನಿಯದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ವಿವರಿಸಿದ್ದಾನೆ.

ನೊಣ ಕಟ್ಟುವ ಕೆಲಸ ನೋಡಲು ಬಲು ಚೆಂದ. ಕೊಕ್ಕೆಯನ್ನು ಪುಟ್ಟ ವೈಸಿನಲ್ಲಿ ಬಿಗಿಯುತ್ತಾರೆ. ಐಟಿಐ ಮಕ್ಕಳು ವರ್ಕ್‌ಶಾಪಿನಲ್ಲಿ ಕಾಣುವ ವೈಸಿನದೇ ಕೆಲಸ, ಗಾತ್ರ ಮಾತ್ರ ಅಂಗೈಯಷ್ಟು. ದಾರ ಸುತ್ತಲು ಬಾಬಿನ್. ಅದರ ತೂಕವೇ ದಾರವನ್ನು ಸದಾ ಬಿಗಿಯಾಗಿ ಎಳೆದಿರುವುದರಿಂದ ಕೈಬಿಟ್ಟರೂ ಸುತ್ತು ಸಡಿಲವಾಗದು. ಒಂದು ಸಣ್ಣ ಕತ್ತರಿ, ಗರಿ ಹಿಡಿಯುವ ಚಿಮಟ, ಒಂದು ಸೂಜಿ. ಇಷ್ಟೇ ಸಲಕರಣೆ.

ಮೊದಲು ಕೊಕ್ಕೆಯ ದಂಡಿನ ಮೇಲೆ ದಾರವನ್ನು ಒತ್ತೊತ್ತಾಗಿ ಸುತ್ತಿ ತಳಪಾಯ ಹಾಕಬೇಕು. ಬರಿಯ ಉಕ್ಕು ಜಾರುತ್ತದೆ, ದಾರದ ಮೇಲೆ ದಾರ ಜಾರದು. ಬಾಲಕ್ಕೆ ಗರಿಯ ಎರಡು-ಮೂರು ಎಳೆ. ಬಳಿಕ ಮೈ: ದಾರಕ್ಕೆ ಜೇನುಮೇಣ ಸವರಿ, ಅದರ ಮೇಲೆ ಮೊಲದ ತುಪ್ಪಳ ಅಥವಾ ಉಣ್ಣೆಯನ್ನು ಬತ್ತಿ ಹೊಸೆದಂತೆ ಬೆರಳಲ್ಲಿ ಹೊಸೆದು ಸುತ್ತುತ್ತಾರೆ. ಮನೆಯಲ್ಲಿ ಹೂಬತ್ತಿ ಮಾಡುವ ಅಜ್ಜಿಗೆ ಈ ಹಂತವನ್ನು ಯಾರೂ ಕಲಿಸಬೇಕಿಲ್ಲ. ಕೊನೆಗೆ ಹುಂಜದ ಕತ್ತಿನ ನೀಳ ಗರಿಯೊಂದನ್ನು ಬುಡದಲ್ಲಿ ಕಟ್ಟಿ ದಂಡಿನ ಸುತ್ತ ನಾಲ್ಕೈದು ಸುತ್ತು ಹಾಕಿದರೆ, ಅದರ ಎಳೆಗಳು ಬಂಡಿಗಾಲಿಯ ಅರಗಳಂತೆ ಸುತ್ತಲೂ ನಿಲ್ಲುತ್ತವೆ. ಅವೇ ನೊಣದ ಕಾಲುಗಳು. ಮುಗಿಸುವಾಗ ಗಂಟು ಹಾಕುವುದಿಲ್ಲ. ದಾರದ ತುದಿಯನ್ನು ಅದರದೇ ಸುತ್ತುಗಳ ಅಡಿಗೆ ಎಳೆದು ಹುದುಗಿಸುತ್ತಾರೆ. ಮೇಲೊಂದು ಹನಿ ವಾರ್ನಿಷ್.

ಉಕ್ಕಿನ ಕೊಕ್ಕೆ ನೀರಿಗಿಂತ ಏಳು-ಎಂಟು ಪಟ್ಟು ಸಾಂದ್ರವಾದದ್ದು. ಆದರೂ ಹೀಗೆ ಕಟ್ಟಿದ ನೊಣ ಮುಳುಗುವುದಿಲ್ಲ. ಆರ್ಕಿಮಿಡೀಸನ ತತ್ವದಿಂದ ಮಾತ್ರ ಇದನ್ನು ಬಿಡಿಸಲು ಹೊರಟ ವಿದ್ಯಾರ್ಥಿ ಸೋಲುತ್ತಾನೆ. ಗರಿಯ ನೂರಾರು ಎಳೆತುದಿಗಳು ನೀರಿನ ಮೇಲ್ಮೈಯನ್ನು ಹರಿಯದೆ ಒತ್ತಿ ನಿಲ್ಲುತ್ತವೆ. ಮೇಲ್ಮೈ ಎಳೆತ ಅದನ್ನು ಹೊರುತ್ತದೆ. ಕೊಳದ ಮೇಲೆ ಓಡಾಡುವ ಉದ್ದಕಾಲಿನ ಹುಳವನ್ನು ಹೊರುವುದೂ ಇದೇ ಬಲ.

ಎಸೆಯುವ ಬಗೆಯಲ್ಲೂ ಪಾಠವಿದೆ. ನಮ್ಮ ಗಾಳದಲ್ಲಿ ಸೀಸದ ಗುಂಡು ಮುಂದೆ ಹಾರಿ ದಾರವನ್ನು ಎಳೆದೊಯ್ಯುತ್ತದೆ. ಗರಿಯ ನೊಣಕ್ಕೆ ತೂಕವೇ ಇಲ್ಲ. ಗಾಳಿಗೆ ಎಸೆದರೆ ಕಾಲಬುಡದಲ್ಲೇ ಬೀಳುತ್ತದೆ. ಆದ್ದರಿಂದ ಇಲ್ಲಿ ದಾರವೇ ದಪ್ಪ, ದಾರವೇ ಭಾರ. ತುದಿಗೆ ಬರುಬರುತ್ತ ಸಣ್ಣಗಾಗುತ್ತದೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ದಾರದಲ್ಲೊಂದು ಮಡಿಕೆ ಹುಟ್ಟಿ ಮುಂದೆ ಉರುಳುತ್ತ ಹೋಗಿ ನೊಣವನ್ನು ನೀರಿನ ಮೇಲೆ ಮೆಲ್ಲಗೆ ಇಳಿಸುತ್ತದೆ. ಎತ್ತಿನ ಬಾರಕೋಲು ಬೀಸಿ ಗೊತ್ತಿರುವ ಜೇವರ್ಗಿಯ ರೈತರಿಗೆ ಇದನ್ನು ವಿವರಿಸುವುದು ಸುಲಭ. ಇಂದಿನ ಕೋಲುಗಳು ಕಾರ್ಬನ್ ನಾರಿನವು. ಹತ್ತೊಂಬತ್ತನೆಯ ಶತಮಾನದಲ್ಲಿ ‘ಕಲ್ಕತ್ತಾ ಬಿದಿರು’ ಎಂಬ ಹೆಸರಲ್ಲಿ ಭಾರತದ ಬಿದಿರೇ ಹಡಗೇರಿ ಹೋಗುತ್ತಿತ್ತು.

ಹಡಗೇರಿದ್ದು ಬಿದಿರೊಂದೇ ಅಲ್ಲ. ಇದೇ ಎರಡನೆಯ ಸಂಬಂಧ, ಅಷ್ಟೇನೂ ಹೆಮ್ಮೆಯದಲ್ಲ. ತೊಗರಿ ಹೊಲದ ಬದುವಿನಲ್ಲಿ ನಡೆವ ನವಿಲಿನ ಗರಿಯ ಎಳೆ ನೊಣ ಕಟ್ಟುವವರಿಗೆ ಅಚ್ಚುಮೆಚ್ಚು. ಹಸಿರು-ಕಂಚಿನ ಮಿನುಗು ನಿಜವಾದ ಹುಳದ ಮೈಯಂತೆ ಕಾಣುತ್ತದೆ. ಆ ಹಸಿರು ಬಣ್ಣದ್ರವ್ಯವಲ್ಲ. ಎಳೆಯೊಳಗಿನ ಅತಿ ಸೂಕ್ಷ್ಮ ಕಡ್ಡಿಗಳ ಜೋಡಣೆ ಬೆಳಕನ್ನು ಆಯ್ದು ಮರಳಿಸುವುದರಿಂದ ಹುಟ್ಟುವ ಬಣ್ಣ. (ಹಕ್ಕಿಗರಿಯ ಇಂಥ ಬಣ್ಣಗಳನ್ನು 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಸರ್ ಸಿ.ವಿ. ರಾಮನ್ ಅಭ್ಯಾಸ ಮಾಡಿದರು. ಅವರು ಆಯ್ದುಕೊಂಡದ್ದು ನೀಲಕಂಠ, ಈಗ ನಮ್ಮ ರಾಜ್ಯಪಕ್ಷಿ.) ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ಕತ್ತಿನ ಗರಿಗೆ ಇನ್ನೂ ಬೇಡಿಕೆಯಿತ್ತು. ಅದರ ಮೇಲಿನ, ಅರಗಿನಂತೆ ಹೊಳೆಯುವ ಚುಕ್ಕೆಯನ್ನು ನೊಣದ ಕಣ್ಣಾಗಿ ಕೂರಿಸುತ್ತಿದ್ದರು. ಎಷ್ಟು ಕಾಡುಕೋಳಿಗಳು ಬ್ರಿಟನ್ನಿನ ಸಾಲ್ಮನ್ ಮೀನಿಗಾಗಿ ಸತ್ತವೋ! ಸಾಲ್ಮನ್ ಮೀನಿಗೆ ಕಾಡುಕೋಳಿಯ ಗರಿಯೇ ಬೇಕೆಂದೇನಿರಲಿಲ್ಲ, ಹಿಡಿಯುವ ದೊರೆಗಳಿಗೆ ಬೇಕಿತ್ತು. ಈಗ ಕಾಡುಕೋಳಿಯ ಬೇಟೆಗೆ ನಿಷೇಧವಿದೆ. ನವಿಲನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಯುತ್ತಿದೆ. ತಾನಾಗಿ ಉದುರಿದ ಗರಿಯನ್ನೂ ವಿದೇಶಕ್ಕೆ ಕಳಿಸುವಂತಿಲ್ಲ.

ಗರಿಯ ಹುಚ್ಚು ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ 2009ರ ಒಂದು ಘಟನೆ ಸಾಕು. ಇಂಗ್ಲೆಂಡಿನ ಟ್ರಿಂಗ್ ಊರಿನ ಪ್ರಾಣಿಶಾಸ್ತ್ರ ಸಂಗ್ರಹಾಲಯಕ್ಕೆ ಕೊಳಲು ಕಲಿಯುತ್ತಿದ್ದ ತರುಣನೊಬ್ಬ ಕನ್ನ ಹಾಕಿ 299 ಹಕ್ಕಿಗಳ ಒಣಚರ್ಮಗಳನ್ನು ಕದ್ದ. ಅವುಗಳಲ್ಲಿ ಕೆಲವನ್ನು ಡಾರ್ವಿನ್ನನ ಸಮಕಾಲೀನ ಆಲ್ಫ್ರೆಡ್ ವ್ಯಾಲೇಸ್ ಸ್ವತಃ ಸಂಗ್ರಹಿಸಿದ್ದ. ಕದ್ದದ್ದು ಹಳೆಯ ಕಾಲದ ಸಾಲ್ಮನ್ ನೊಣ ಕಟ್ಟುವವರಿಗೆ ಮಾರಲು. ಹೆಸರಿನ ಚೀಟಿ ಕಿತ್ತುಹೋದ ಹಕ್ಕಿಚರ್ಮ ವಿಜ್ಞಾನಕ್ಕೆ ಬಹುಮಟ್ಟಿಗೆ ನಿರುಪಯೋಗಿ.

ಮೂರನೆಯ ಸಂಬಂಧ ಮೀನಿನದೇ, ಎಲ್ಲಕ್ಕಿಂತ ಹತ್ತಿರದ್ದು. ನಮ್ಮ ದೇಶದಲ್ಲಿ ಗಾಳಗಾರರು ಹಂಬಲಿಸುವ ಮೀನು ಮಹಶೀರ್. ದಖ್ಖಣದ ಮಹಶೀರ್‌ಗೆ ವಿಜ್ಞಾನದಲ್ಲಿ ‘ಟಾರ್ ಖುದ್ರಿ’ ಎಂದು ಹೆಸರು. ಕರ್ನಲ್ ಸೈಕ್ಸ್ ಎಂಬ ಅಧಿಕಾರಿ 1839ರಲ್ಲಿ ಅದನ್ನು ಮೊದಲು ಬಣ್ಣಿಸಿದ್ದು ಪುಣೆಯ ಪೂರ್ವಕ್ಕೆ ಮುಳಾ-ಮುಠಾ ನದಿಯ ಮೀನನ್ನು ನೋಡಿ. ಮುಳಾ-ಮುಠಾ ಸೇರುವುದು ಭೀಮೆಯನ್ನು. ಆ ನೀರು ಉಜನಿ ಅಣೆಕಟ್ಟೆ ದಾಟಿ, ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜು ದಾಟಿ, ಕಟ್ಟಿಸಂಗಾವಿಯ ಸೇತುವೆಯಡಿ ಹರಿಯುತ್ತದೆ. ಅಂದರೆ ಶೃಂಗೇರಿಯ ತುಂಗೆಯಲ್ಲೂ ಶಿಶಿಲದ ಕಪಿಲೆಯಲ್ಲೂ ಭಕ್ತರು ಮಂಡಕ್ಕಿ ಹಾಕುವ ದೇವರ ಮೀನಿನ ಬಳಗಕ್ಕೆ ವಿಜ್ಞಾನದ ನಾಮಕರಣವಾದದ್ದು ಭೀಮೆಯ ಮನೆಯಲ್ಲಿ!

ಆ ಮೀನಿನ ಮುಂದಿನ ಕಥೆ ವಿಚಿತ್ರವಾದದ್ದು. ಲೋಣಾವಳಾದ ಬಳಿಯ ಮರಿ ಉತ್ಪಾದನಾ ಕೇಂದ್ರದಲ್ಲಿ 1970ರ ದಶಕದಿಂದ ಮಹಶೀರ್ ಮರಿಗಳನ್ನು ಬೆಳೆಸಿ ಬೇರೆ ಬೇರೆ ನದಿಗಳಿಗೆ ಹಂಚಿದರು. ಕಾವೇರಿಗೂ ಬಿಟ್ಟರು. ಕಾವೇರಿಯಲ್ಲಿ ಮೊದಲೇ ಇನ್ನೊಂದು ಮಹಶೀರ್ ಇತ್ತು: ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ದೈತ್ಯ. ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. 1972ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ವನ್ಯಜೀವಿ ಸಂಘವೂ, ಭೀಮೇಶ್ವರಿ, ಗಾಲಿಬೋರೆಗಳ ಶಿಬಿರಗಳೂ ಹಿಡಿದ ಮೀನನ್ನು ತೂಗಿ ನದಿಗೇ ಬಿಡುವ ಪದ್ಧತಿ ಬೆಳೆಸಿದವು. ಗರಿಯ ನೊಣ ಬಳಸಿದವರೂ ಇದ್ದರು. ಹೆಚ್ಚು ನಡೆದದ್ದು ಮಾತ್ರ ನಮ್ಮ ರಾಗಿ ಹಿಟ್ಟಿನ ಉಂಡೆಯೇ.

ಶಿಬಿರದವರು ಪ್ರತಿ ಮೀನನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಗಾಲಿಬೋರೆಯ 1998ರಿಂದ 2012ರವರೆಗಿನ ಆ ದಾಖಲೆಗಳನ್ನು ವಿಜ್ಞಾನಿಗಳು ಕೂಡಿ ಕಳೆದು ನೋಡಿ 2015ರಲ್ಲಿ ಪ್ರಕಟಿಸಿದಾಗ ಬೆಚ್ಚಿಬೀಳುವ ಚಿತ್ರ ಹೊರಬಿತ್ತು. ಮಹಶೀರ್ ಹೆಚ್ಚುತ್ತಿತ್ತು ನಿಜ, ಆದರೆ ಹೆಚ್ಚುತ್ತಿದ್ದುದು ಹೊರಗಿನಿಂದ ಬಂದ ನೀಲಿ ರೆಕ್ಕೆಯದು. ಗೂನುಬೆನ್ನಿನದು ಸಿಗುವುದೇ ಅಪರೂಪವಾಗಿತ್ತು. 2018ರಲ್ಲಿ ಅದು ‘ಟಾರ್ ರೆಮದೇವಿ’ ಎಂದು ಗುರುತಾಯಿತು. ಅದೇ ವರ್ಷ ಅಳಿವಿನ ಅಂಚಿನ ತೀವ್ರ ಅಪಾಯದ ಪಟ್ಟಿ ಸೇರಿತು. ಉಳಿಸಲೆಂದೇ ಬಿಟ್ಟ ಮರಿಗಳು ಉಳಿಯಬೇಕಾದದ್ದರ ಜಾಗ ಹಿಡಿದಿದ್ದವು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಮೀನೆಲ್ಲ ಒಂದೇ ಎಂಬ ಅವಸರ ಅಷ್ಟೆ. ಅಭಯಾರಣ್ಯದೊಳಗೆ ಗಾಳ ಹಾಕುವುದು ಆ ಹೊತ್ತಿಗೆ ಕಾನೂನಿನಂತೆ ನಿಂತಿತ್ತು. ಅದರೊಂದಿಗೆ ಆ ದಾಖಲೆಯ ಪುಸ್ತಕವೂ ನಿಂತದ್ದು ನಷ್ಟವೇ ಸರಿ.

ಇತ್ತ ಭೀಮೆಯ ಬಲೆಗಳಲ್ಲಿ ಕಟ್ಲಾ, ರೋಹು ಬೀಳುತ್ತವೆ. ಇವೂ ಗಂಗೆಯ ಸೀಮೆಯಿಂದ ತಂದು ಬಿಟ್ಟ ಮೀನುಗಳ ಸಂತತಿ. ನದಿಯ ಸ್ಥಿತಿ ತಿಳಿಯಲು ಮೀನು ಹಿಡಿಯಲೇಬೇಕೆಂದಿಲ್ಲ. ನೊಣ ಕಟ್ಟುವವರು ಅನುಕರಿಸುವ ಹುಳವನ್ನೇ ನೋಡಬಹುದು. ಮೇಫ್ಲೈ ಎಂಬ ಕೀಟ ತಿಂಗಳುಗಟ್ಟಲೆ ನೀರಿನಡಿ ಮರಿಯಾಗಿ ಬದುಕಿ, ರೆಕ್ಕೆ ಬಂದ ಮೇಲೆ ಒಂದೆರಡು ದಿನವಷ್ಟೇ ಇರುತ್ತದೆ. ಆಗ ಅದಕ್ಕೆ ಉಣ್ಣುವ ಬಾಯಿಯೂ ಇರುವುದಿಲ್ಲ. ಮರಿಗೆ ಹೊಟ್ಟೆಯ ಎರಡೂ ಅಂಚಿನಲ್ಲಿ ಕಿವಿರು, ಹಿಂದೆ ಸಾಮಾನ್ಯವಾಗಿ ಮೂರು ಬಾಲ. ನೀರಿನಲ್ಲಿ ಕರಗಿದ ಆಮ್ಲಜನಕ ಕುಗ್ಗಿದರೆ, ಕೊಳಚೆ ಸೇರಿದರೆ, ಮೊದಲು ಮಾಯವಾಗುವವರಲ್ಲಿ ಇದೂ ಒಂದು. ಕ್ಯಾಡಿಸ್ ಎಂಬ ಇನ್ನೊಂದು ಹುಳದ ಮರಿ ಬಾಯಿಂದ ರೇಷ್ಮೆ ತೆಗೆದು ಮರಳಿನ ಕಣಗಳನ್ನು ಅಂಟಿಸಿ ಕೊಳವೆಯಂಥ ಮನೆ ಕಟ್ಟಿಕೊಳ್ಳುತ್ತದೆ. ಮರಳನ್ನೇ ಬಾಚಿ ಲಾರಿಗೆ ತುಂಬಿದ ಕಡೆ ಅದಕ್ಕೆ ನೆಲೆಯಿಲ್ಲ.

ಜನವರಿಯ ತಿಳಿನೀರಿನಲ್ಲಿ, ದಂಡೆಯ ಅಂಚಿನ ಸುಣ್ಣಕಲ್ಲಿನ ಚಪ್ಪಡಿಯೊಂದನ್ನು ಎತ್ತಿ ತಿರುವಿ ನೋಡಿದರೆ ಇವು ಇವೆಯೋ ಇಲ್ಲವೋ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಬಿಳಿ ತಟ್ಟೆಯಲ್ಲಿ ಸ್ವಲ್ಪ ನೀರು, ಒಂದು ಭೂತಗನ್ನಡಿ, ದಿನಾಂಕ ಬರೆಯಲು ಒಂದು ನೋಟ್‌ಬುಕ್ ಇದ್ದರೆ ಸಾಕು. ನೋಡಿದ ಮೇಲೆ ಹುಳವನ್ನು ನೀರಿಗೇ ಬಿಟ್ಟು, ಕಲ್ಲನ್ನು ಇದ್ದಂತೆಯೇ ಮಗುಚಿಡಬೇಕು. ಹಿರಿಯರು ಜೊತೆಗಿಲ್ಲದೆ ಮಕ್ಕಳು ಇಳಿಯುವುದು ಬೇಡ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ, ಮೊಸಳೆಯ ಸುದ್ದಿ ಇದೆಯೇ ಎಂದು ಹರಗೋಲಿನವರನ್ನು ಮೊದಲೇ ವಿಚಾರಿಸಿಕೊಳ್ಳಬೇಕು.